ಟವಲ್ ಹಾಕಿದ ಜಾಗ

ನಾನು ಮೊದಲ ಸಲ ಒಬ್ಬನ ಹಲ್ಲು ಉದುರಿಸಿದ್ದು ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ, ಒಂದು ಟವಲ್ಲಿನ ಸಲುವಾಗಿ. ಆಗ ನನಗೆ ಹತ್ತೊಂಬತ್ತು. ಕಂಪ್ಯೂಟರ್ ಕಲಿಯಲು ದಿನಾ ರಾಮನಗರಕ್ಕೆ ಹೋಗಿ ಬರುತ್ತಿದ್ದೆ. ನಮ್ಮೂರಿಗೆ ರೈಲಿಲ್ಲ, ಏನಿದ್ದರೂ ಬಸ್ಸೇ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ ಅದರ ಪಕ್ಕ ಓಡುತ್ತ ಕಿಟಕಿಯಿಂದ ಟವಲ್ಲೋ ಊಟದ ಡಬ್ಬಿಯೋ ಒಳಗೆಸೆದರೆ ಆ ಸೀಟು ನಮ್ಮದಾದ ಹಾಗೆ. ಆಮೇಲೆ ಬಾಗಿಲಲ್ಲಿ ನೂಕಾಡಿಕೊಂಡು ನಿಧಾನಕ್ಕೆ ಹತ್ತಬಹುದು. ಕೈಗೂಸನ್ನೇ ಕಿಟಕಿಯಿಂದ ತೂರಿಸಿ ಸೀಟು ಹಿಡಿದ ತಾಯಂದಿರನ್ನೂ ನಾನು ನೋಡಿದ್ದೇನೆ.

ಅವತ್ತು ನನ್ನ ಟವಲ್ಲನ್ನು ಎತ್ತಿ ಕಂಬಿಯ ಮೇಲೆ ಹಾಕಿ ಒಬ್ಬ ಆರಾಮಾಗಿ ಕೂತಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಮೀಸೆ ಬೇರೆ.

"ಟವಲ್ ಕಾಣ್ಲಿಲ್ವಾ?" ಅಂದೆ.

"ಕಾಣ್ತು. ಅದರ ಮ್ಯಾಲೆ ಯಾರೂ ಕಾಣ್ಲಿಲ್ಲ" ಅಂದ.

ನನ್ನ ಕೈ ಯಾವಾಗಲೂ ಬಾಯಿಗಿಂತ ಮುಂದು. ಒಂದೇ ಏಟಿಗೆ ಅವನ ಮುಖ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ಹಲ್ಲು ಉರುಳಿ ನನ್ನ ಕಾಲ ಬಳಿ ಬಿತ್ತು. ಅವನ ಊರಿನವರು ಮೂರು ಜನ ನನ್ನನ್ನು ಸೀಟುಗಳ ಸಂದಿಯಲ್ಲಿ ಕೆಡವಿ ತುಳಿದರು. ಹೊಟ್ಟೆಯ ಮೇಲೆ ಬಿದ್ದ ಚಪ್ಪಲಿ ಕಾಲಿನ ನೋವಿಗೆ ವಾರವಿಡೀ ಬಗ್ಗಲಾಗಲಿಲ್ಲ. ಆದರೆ ಅಷ್ಟು ದೊಡ್ಡ ಬಸ್ಸಿನಲ್ಲಿ ಒಬ್ಬರೂ ನನ್ನದು ತಪ್ಪು ಅನ್ನಲಿಲ್ಲ. ಏಟು ಒಸಿ ಜೋರಾಯಿತು ಅಂದರು, ಅಷ್ಟೇ.

ನಮ್ಮನ್ನು ಬಿಡಿಸಿದವನು ನನ್ನ ಭಾವ. ಅಕ್ಕನ ಮದುವೆಯಾಗಿ ಆಗಿನ್ನೂ ಎರಡು ತಿಂಗಳು. ಅವನು ಕುದೂರು–ಮಾಗಡಿ ನಡುವೆ ಓಡುವ ಒಂದು ಪ್ರೈವೇಟ್ ಬಸ್ಸಿನ ಕಂಡಕ್ಟರ್, ಪಕ್ಕದಲ್ಲೇ ಗಾಡಿ ನಿಲ್ಲಿಸಿದ್ದ. ಗಲಾಟೆ ಕೇಳಿ ಹತ್ತಿ ಬಂದವನು ನನ್ನ ಕಾಲರ್ ಹಿಡಿದು ಎಬ್ಬಿಸಿದ. ನನಗೆ ನೀರು ಕುಡಿಸಿ, ಗುಟ್ಟು ಹೇಳುವವನ ಹಾಗೆ ಹೇಳಿದ, "ಹೊಡಿಯದಾದ್ರೆ ಕೆಳಗಿಳಿಸಿ ಹೊಡೀಬೇಕು ಕಣ್ಲಾ. ಬಸ್ಸೊಳಗೆ ಹೊಡೆದ್ರೆ ಸೀಟು ಗಲೀಜಾಯ್ತದೆ." ನಾನು ನೋವಿನಲ್ಲೂ ನಕ್ಕುಬಿಟ್ಟೆ. ಅಕ್ಕನಿಗೆ ಒಳ್ಳೆಯ ಗಂಡ ಸಿಕ್ಕಿದ ಅಂತ ಆವತ್ತೇ ಮನಸ್ಸಿಗೆ ಬಂತು.

ಭಾವನಿಗೆ ಬಸ್ಸಿನ ವಿಷಯದಲ್ಲಿ ಎರಡು ಕಟ್ಟುಪಾಡು. ಟವಲ್ ಹಾಕಿದ ಜಾಗಕ್ಕೆ ಟವಲ್ಲಿನವನೇ ಬರಬೇಕು, ಮಂತ್ರಿಯೇ ಬಂದರೂ ಬಿಡುತ್ತಿರಲಿಲ್ಲ. ಎರಡನೆಯದು ಕಂಡಕ್ಟರ್ ಸೀಟು. ಬಾಗಿಲ ಹಿಂದಿನ ಆ ಒಂಟಿ ಸೀಟನ್ನು ಅವನು ಯಾರಿಗೂ ಕೊಡುತ್ತಿರಲಿಲ್ಲ. ಬಸ್ಸಿನ ಟಾಪಿನ ಮೇಲೆ ಜನ ಇದ್ದರೂ ಆ ಸೀಟು ಖಾಲಿ. ಒಂದು ಸಲ ಬಸುರಿ ಹೆಂಗಸಿಗೆ ಇನ್ಯಾರನ್ನೋ ಎಬ್ಬಿಸಿ ಜಾಗ ಕೊಡಿಸಿದ, ತನ್ನದನ್ನು ಮಾತ್ರ ಕೊಡಲಿಲ್ಲ. "ಬಸ್ಸಲ್ಲಿ ಎಲ್ಲಾ ಜಾಗಾನೂ ಕೊಡು. ಕಂಡಕ್ಟರ್ ಸೀಟು ಕೊಟ್ಟೆ ಅನ್ನು, ಬಸ್ಸೇ ನಿನ್ ಕೈ ತಪ್ಪೋಯ್ತದೆ" ಅನ್ನುತ್ತಿದ್ದ.

ರಾಮನಗರದಲ್ಲಿ ನಮಗೆ ಕಲಿಸುತ್ತಿದ್ದ ಮೇಷ್ಟ್ರು ರೇಷ್ಮೆ ನೂಲು ತೆಗೆಯುವ ಮನೆತನದವರು. ಬೆಳಿಗ್ಗೆ ಅಪ್ಪನ ಜೊತೆ ಕೆಲಸ ಮಾಡಿ ಬರುತ್ತಿದ್ದರಿಂದ ಅವರ ಅಂಗಿಗೆ ಬೆಂದ ಗೂಡಿನ ವಾಸನೆ ಇರುತ್ತಿತ್ತು. ಡಿಸ್ಕಿನಲ್ಲಿ ಜಾಗ ಹಂಚುವುದು ಹೇಗೆ ಅಂತ ಒಂದು ಮಧ್ಯಾಹ್ನ ಪಾಠ ಮಾಡಿದರು. ಡಿಸ್ಕನ್ನು ಒಂದೇ ಅಳತೆಯ ಸಣ್ಣ ಖಾನೆಗಳಾಗಿ ವಿಂಗಡಿಸಿರುತ್ತಾರೆ. ಯಾವ ಖಾನೆ ಯಾವ ಫೈಲಿನದು, ಯಾವುದು ಖಾಲಿ ಅನ್ನುವ ಪಟ್ಟಿಯನ್ನು ಫೈಲ್ ಸಿಸ್ಟಮ್ ಇಟ್ಟುಕೊಂಡಿರುತ್ತದೆ. ಫೈಲ್ ಅಳಿಸಿದರೆ ಪಟ್ಟಿಯಲ್ಲಿ ಹೆಸರು ಹೋಗುತ್ತದೆ, ಅಷ್ಟೇ. ಒಳಗಿದ್ದದ್ದು ಬೇರೆ ಯಾರಾದರೂ ಬಂದು ಆ ಜಾಗದಲ್ಲಿ ಕೂರುವವರೆಗೆ ಹಾಗೇ ಇರುತ್ತದೆ. "ಅಳಿಸೋದು ಅಂದ್ರೆ ಸಾಯಿಸೋದಲ್ಲಪ್ಪ, ಮರೆಯೋದು" ಅಂದರು. ನಾವು ಕಲಿಯುತ್ತಿದ್ದ ಲಿನಕ್ಸಿನಲ್ಲಿ ನೂರಕ್ಕೆ ಐದು ಪಾಲು ಜಾಗವನ್ನು ಯಂತ್ರದ ಯಜಮಾನನಿಗೆ ಮೊದಲೇ ಎತ್ತಿಡುವ ವಾಡಿಕೆ ಇತ್ತು. ಬೇರೆಯವರ ಪಾಲಿಗೆ ಡಿಸ್ಕು ತುಂಬಿದ್ದರೂ ಯಜಮಾನ ಒಳಗೆ ಹೋಗಿ ರಿಪೇರಿ ಮಾಡಬೇಕಲ್ಲ, ಅದಕ್ಕೆ. ನನಗೆ ಥಟ್ಟನೆ ಭಾವನ ಸೀಟು ಕಣ್ಣಿಗೆ ಬಂತು.

"ಇನ್ನು ಕೆಲವು ಪ್ರೋಗ್ರಾಂ ಇರ್ತವೆ" ಅಂದರು ಮೇಷ್ಟ್ರು. "ಮುಂದೆ ಬೇಕಾಗುತ್ತೆ ಅಂತ ಜಾಗ ಮೊದಲೇ ಹಿಡಿದಿಡ್ತವೆ. ಫೈಲು ಇರುತ್ತೆ, ಗಾತ್ರ ತೋರಿಸುತ್ತೆ, ತೆಗೆದು ನೋಡಿದ್ರೆ ಒಳಗೆ ಏನೂ ಇಲ್ಲ."

"ಟವಲ್ ಹಾಕ್ದಂಗೆ ಸಾರ್" ಅಂದೆ.

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಸರಿಯಾಗಿ ಅರ್ಥವಾಗಿರುವುದು ಇವನೊಬ್ಬನಿಗೇ ಅಂದರು. ಆ ಮಾತು ನನ್ನ ತಲೆಗೆ ಏರಿ ಕೂತಿತು, ಬಹಳ ವರ್ಷ ಇಳಿಯಲಿಲ್ಲ.

ಮಾಗಡಿಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟೆ. ಒಂದೆರಡು ವರ್ಷ ಕಳೆದ ಮೇಲೆ ಭಾವನ ಬಸ್ಸಿನ ಓನರ್ ಕುದೂರಿನ ತಮ್ಮ ಶೆಡ್ಡಿಗೆ ಕ್ಯಾಮೆರಾ ಹಾಕಿಸಿದರು. ರಾತ್ರಿ ಡೀಸೆಲ್ ಕಳುವಾಗುತ್ತಿತ್ತು. ಆಗೆಲ್ಲ ಈಗಿನ ಹಾಗೆ ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇರಲಿಲ್ಲ. ಕುದೂರಿನಲ್ಲಿ ಅದೇ ದೊಡ್ಡ ಸುದ್ದಿ, ಜನ ಬಂದು ಕೆಳಗೆ ನಿಂತು ತಲೆ ಬಾಚಿಕೊಂಡು ಹೋಗುತ್ತಿದ್ದರು. ಹಾಕಿದವನು ನಾನು. ಹಳೇ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, ಅದರಲ್ಲೇ ರೆಕಾರ್ಡ್ ಆಗುವ ಹಾಗೆ ಮಾಡಿಕೊಟ್ಟೆ. ಭಾವ ಬಸ್ಸಿನಲ್ಲಿ ಹತ್ತಿದವರಿಗೆಲ್ಲ "ನಮ್ ಬಾಮೈದ ಹಾಕಿರೋದು" ಅಂತ ಟಿಕೆಟ್ಟಿನ ಜೊತೆ ಹಂಚಿದ.

ಒಂದು ದಿನ ಓನರ್ ಫೋನ್ ಮಾಡಿದರು. ಮಗಳ ಮದುವೆಯ ವಿಡಿಯೋವನ್ನು ಆ ಕಂಪ್ಯೂಟರಿಗೆ ಹಾಕಿಕೊಂಡು ಬಂದವರಿಗೆಲ್ಲ ತೋರಿಸಬೇಕು, ಆದರೆ ಜಾಗ ಇಲ್ಲ ಅನ್ನುತ್ತಿದೆ. ನಾನು ಹೋದೆ. ಅವರ ತಮ್ಮ, ಮೈದುನ, ಊರಿನ ನಾಲ್ಕು ಜನ ಕುರ್ಚಿ ಹಾಕಿಕೊಂಡು ಮದುವೆ ನೋಡಲು ಕಾಯುತ್ತಿದ್ದರು. "ಏನ್ಲಾ, ದೊಡ್ಡ ಡಿಸ್ಕು ಅಂದಿದ್ದೆ, ಒಂದ್ ಮದ್ವೆ ಹಿಡ್ಸಲ್ವಾ?" ಅಂದರು ಓನರ್. ಎಲ್ಲರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು. ಯಜಮಾನನ ಆ ಐದು ಪಾಲನ್ನೂ ಬಿಡಿಸಿಕೊಡು ಅಂದಿದ್ದರೆ ಕೊಡುತ್ತಿರಲಿಲ್ಲ, ಅಷ್ಟು ಬುದ್ಧಿ ಉಳಿದಿತ್ತು. ಆದರೆ ಕ್ಯಾಮೆರಾದ ಫೋಲ್ಡರ್ ತೆಗೆದು ನೋಡಿದಾಗ ಸಾಲಾಗಿ ಒಂದೇ ಗಾತ್ರದ ಫೈಲುಗಳು ಕಂಡವು. ಮೊದಲಿನವುಗಳಲ್ಲಿ ಚಿತ್ರ ಇತ್ತು. ಕೊನೆಯ ಕಡೆಯವನ್ನು ಒತ್ತಿದರೆ ಏನೂ ಬರಲಿಲ್ಲ. ಕರೆಂಟು ಹೋದಾಗ ಕೆಟ್ಟವು ಅಂದುಕೊಂಡೆ. ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ಸಿಟ್ಟಿನಲ್ಲಿದ್ದವನು ಎಲ್ಲಿ ಯೋಚಿಸುತ್ತಾನೆ? ಖಾಲಿ ಇದ್ದವನ್ನು ಕೊನೆಯಿಂದ ಬೇಕಾದಷ್ಟು ಅಳಿಸಿ, ಆ ಜಾಗಕ್ಕೆ ಮದುವೆ ತುಂಬಿಸಿದೆ. ಧಾರೆ, ಆರತಕ್ಷತೆ, ಬೀಗರೂಟ, ಎಲ್ಲ ಹಿಡಿಸಿತು. ಡಿಸ್ಕಿನಲ್ಲಿ ಅವರಿಗೆ ಸೇರಿದ ಜಾಗ ಪೂರ್ತಿ ಭರ್ತಿ. ಓನರ್ ನನ್ನ ಬೆನ್ನು ತಟ್ಟಿದರು.

ಇದಾಗಿ ಎಂಟು ಹತ್ತು ದಿನ ಆಗಿರಬೇಕು. ಬೆಳಿಗ್ಗೆ ಕುದೂರಿನ ಶೆಡ್ಡಿನ ಮುಂದೆ ಮೊದಲ ಬಸ್ಸಿಗೆ ಜನ ಮುತ್ತಿದ್ದರು. ಒಬ್ಬ ಮುದುಕ ಕಿಟಕಿಯಿಂದ ಟವಲ್ ಹಾಕಿ ಬಾಗಿಲ ಕಡೆ ಬರುವಷ್ಟರಲ್ಲಿ, ಪಕ್ಕದ ಹಳ್ಳಿಯ ಒಬ್ಬ ಯುವಕ ಆ ಟವಲ್ಲನ್ನು ಎತ್ತಿ ಕೆಸರಿಗೆ ಎಸೆದು ಕೂತ. ಭಾವ ಇಳಿದು ಟವಲ್ ತಂದ. ಅವನ ಮುಖದ ಮುಂದೆ ಹಿಡಿದು ಏಳು ಅಂದ. ಅವನು ಏಳಲಿಲ್ಲ. ಅವನ ಜೊತೆಗಿದ್ದ ಇಬ್ಬರು ಭಾವನನ್ನು ಹಿಂದಿನಿಂದ ಹಿಡಿದರು. ಎಳೆದಾಟದಲ್ಲಿ ಎಲ್ಲರೂ ಕೆಳಕ್ಕೆ ಬಂದರು. ಯಾರ ಕೈಗೋ ಚಕ್ರ ಬಿಚ್ಚುವ ಕಬ್ಬಿಣದ ರಾಡ್ ಸಿಕ್ಕಿ ಭಾವನ ತಲೆ ಒಡೆಯಿತು. ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಮತ್ತೆ ಹತ್ತಿರ ಬಂದು ನೋಡಿದಾಗ ಆ ಯುವಕ ಚರಂಡಿಯ ಕಲ್ಲಿನ ಪಕ್ಕ ಬಿದ್ದಿದ್ದ, ಎಡಗಣ್ಣು ಇರಬೇಕಾದ ಕಡೆ ರಕ್ತ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಕಂಡಕ್ಟರ್ ಕೊಲ್ಲಲು ನೋಡಿದ ಅಂತ ಅವರ ಕಡೆಯವರು ದೂರು ಕೊಡಲು ಹೊರಟರು. ರಾಡ್ ಹಿಡಿದು ಬೀಸಿದವನು ತಾನೇ ಜಾರಿ ಬಿದ್ದ ಅಂತ ಭಾವ ಹೇಳಿದ. ಸ್ಟೇಷನ್ನಿನ ಜಗುಲಿಯ ಬೆಂಚಿನ ಮೇಲೆ, ತಲೆಗೆ ಬ್ಯಾಂಡೇಜು ಸುತ್ತಿಕೊಂಡು, ಹೋಗಿಬರುವವರಿಗೆಲ್ಲ ಕೇಳುವ ಹಾಗೆ ಒಂದೇ ಮಾತು ಹೇಳುತ್ತಿದ್ದ. "ಕ್ಯಾಮೆರಾ ಐತಲ್ಲ! ನಮ್ ಬಾಮೈದ ಹಾಕಿರೋದು. ಅದು ಸುಳ್ಳೇಳ್ತದಾ?"

ಅಕ್ಕ ಆಗ ಆರು ತಿಂಗಳ ಬಸುರಿ. ನನ್ನ ಎರಡೂ ಕೈ ಹಿಡಿದುಕೊಂಡು, "ಹೋಗಿ ಅದುನ್ನ ತಗಂಬಾ ಮಗ. ಅವ್ರು ಜೈಲಿಗೋದ್ರೆ ನಾನು ಬದುಕಾಕಿಲ್ಲ" ಅಂದಳು.

ಶೆಡ್ಡಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ತೆಗೆದೆ. ಕೊನೆಯ ರೆಕಾರ್ಡಿಂಗ್ ಹಿಂದಿನ ದಿನದ ಸಂಜೆಯದು. ಚಿತ್ರದಲ್ಲಿ ಒಂದು ನಾಯಿ ಬಸ್ಸಿನ ಚಕ್ರ ಮೂಸುತ್ತಿತ್ತು, ಅಲ್ಲಿಗೆ ನಿಂತುಹೋಗಿತ್ತು. ಅದರ ಕೆಳಗೆ ಜಾಗ ಇಲ್ಲ ಎಂಬ ಒಂದು ಸಾಲು.

ಆಗ ಎಲ್ಲ ಒಟ್ಟಿಗೆ ತಿಳಿಯಿತು. ಆ ಖಾಲಿ ಫೈಲುಗಳು ಕೆಟ್ಟವಲ್ಲ. ಕ್ಯಾಮೆರಾದ ಪ್ರೋಗ್ರಾಂ ಮುಂದಿನ ದಿನಗಳಿಗೆಂದು ಹಿಡಿದಿಟ್ಟ ಜಾಗ ಅದು. ನಾನು ಅಳಿಸದೆ ಉಳಿಸಿದ್ದವನ್ನು ಒಂದೊಂದಾಗಿ ತುಂಬಿಸುತ್ತ ಬಂದು, ಹಿಂದಿನ ಸಂಜೆ ಅದು ತನ್ನ ಜಾಗಕ್ಕೆ ಬಂದು ನೋಡಿದರೆ ಅಲ್ಲಿ ಓನರ್ ಮಗಳ ಮದುವೆ ಕೂತಿತ್ತು. ಟವಲ್ಲಿಗಾಗಿ ಮನುಷ್ಯನ ಹಲ್ಲು ಮುರಿದವನು ನಾನು, ಟವಲ್ ಎತ್ತಿ ಎಸೆದವನೂ ನಾನೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮಜ್ಜಿಗೆಗೆ ಬಿತ್ತಂತೆ. ಕೀಬೋರ್ಡನ್ನು ಎತ್ತಿ ಮೇಜಿಗೆ ಬಡಿದೆ. ಅಕ್ಷರಗಳು ಹಲ್ಲಿನ ಹಾಗೆ ಕಿತ್ತು ಉರುಳಿದವು. ಸಾಲದೆ ಗೋಡೆಗೆ ಹಣೆ ಚಚ್ಚಿಕೊಂಡೆ. ಡಿಸ್ಕನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದವನು, ಅಲ್ಲಿ ಕಾದಿದ್ದ ಓನರಿಗೆ "ತೆಗೆಯೋದಕ್ಕೆ ಎರಡು ದಿನ ಬೇಕು" ಅಂತ ಹೇಳಿ ಬಸ್ಸು ಹತ್ತಿದೆ. ಏನೂ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಆ ಡಿಸ್ಕನ್ನು ಮನೆಯ ರಾಗಿ ಮೂಟೆಯ ಕೆಳಗಿಟ್ಟೆ.

ಮಾರನೇ ದಿನ ಮಧ್ಯಾಹ್ನ ನಾಲ್ಕು ಜನ ಅಂಗಡಿಗೆ ಬಂದರು. ಒಬ್ಬ ಒಳಗಿನಿಂದ ಷಟರ್ ಎಳೆದ. ಇನ್ನೊಬ್ಬ ನನ್ನ ಕೂದಲು ಹಿಡಿದು ಮುಖವನ್ನು ಮೇಜಿಗೆ ಬಡಿದ. ಮೂಗಿನೊಳಗೆ ಏನೋ ಮುರಿದ ಸದ್ದು ನನಗೇ ಕೇಳಿಸಿತು.

"ಎಲ್ಲೈತ್ಲಾ ಆ ಡಿಸ್ಕು?"

ಬಾಯಲ್ಲಿ ರಕ್ತ ತುಂಬಿತ್ತು. ನಾನು ನಿಜ ಹೇಳುವವನಿದ್ದೆ. ಖಾಲಿ ಕಣ್ರಪ್ಪಾ, ಏನೂ ಇಲ್ಲ, ಬಿಡಿ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನನ್ನ ಕೂದಲು ಹಿಡಿದವನು ಬಗ್ಗಿ, "ನಮ್ ಹುಡ್ಗ ರಾಡ್ ತಗಂಡಿದ್ದು ಅದ್ರಲ್ಲಿ ಕಾಣ್ತದೇನ್ಲಾ?" ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರೂ ಅನ್ನುವ ಮೊದಲೇ ಇವನು ಮುಟ್ಟಿಕೊಂಡಿದ್ದ. ನಾನು ಬಾಯಿಯ ರಕ್ತ ನುಂಗಿದೆ.

"ಕಾಣ್ತದೆ" ಅಂದೆ. "ಎಲ್ಲಾ ಕಾಣ್ತದೆ."

ಆಮೇಲೆ ಹೊಡೆದದ್ದು ಹೊಡೆತ. ಮೇಜಿನ ಡ್ರಾಯರಿನಲ್ಲಿ ನನ್ನ ಬಲಗೈ ಇಟ್ಟು ಕಾಲಿನಿಂದ ಒದ್ದು ಮುಚ್ಚಿದರು. ಎರಡು ಬೆರಳು ಮುರಿದವು. ನಾನು ಎಮ್ಮೆಯ ಹಾಗೆ ಕೂಗಿದೆ, ಆದರೆ ಹೇಳಲಿಲ್ಲ. ಅಂಥ ಏಟು ತಿನ್ನುವಾಗಲೂ ಒಳಗೆ ಒಂದು ಖುಷಿ ಇತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ. ಅವರು ಒದೆಯುತ್ತಿದ್ದದ್ದು ಇಲ್ಲದ ಒಂದು ಚಿತ್ರಕ್ಕಾಗಿ. ನಾನು ಖಾಲಿ ಸೀಟಿನ ಮೇಲೆ ಟವಲ್ ಹಾಕಿ ಕೂತಿದ್ದೆ.

"ನಂಗೇನಾದ್ರೂ ಆದ್ರೆ ಅದು ಸೀದಾ ಸ್ಟೇಷನ್ನಿಗೆ ಹೋಯ್ತದೆ" ಅಂದೆ.

ನಾಲ್ವರಲ್ಲಿ ಹಿರಿಯನೊಬ್ಬ ಅಷ್ಟೂ ಹೊತ್ತು ಸುಮ್ಮನೆ ನಿಂತಿದ್ದ. ಬಿದ್ದ ಯುವಕನ ಅಪ್ಪ ಅಂತ ಆಮೇಲೆ ತಿಳಿಯಿತು. ಅವನು ಉಳಿದವರನ್ನು ತಡೆದು ನನ್ನ ಕುರ್ಚಿಯಲ್ಲಿ ಕೂತ. ಕಣ್ಣು ಕೆಂಪಾಗಿದ್ದವು. "ಮಗನ ಕಣ್ಣು ಹೋಯ್ತು. ರಾಡ್ ಕೇಸಲ್ಲಿ ಅವನೂ ಹೋದ್ರೆ ನಮ್ ಮನೇಲಿ ಯಾರವ್ರೆ? ಏನ್ ಬೇಕು ಹೇಳು."

"ನಮ್ ಭಾವ ಮನೆಗೆ ಬರ್ಬೇಕು."

ಮಾತು ಅಲ್ಲೇ ಮುಗಿಯಿತು. ಬಸ್ಸಿನ ಮೆಟ್ಟಿಲಿಂದ ಕಾಲು ಜಾರಿ ಬಿದ್ದೆ ಅಂತ ಅವನ ಮಗ ಹೇಳಿಕೆ ಕೊಡುವುದು. ರಾಡಿನ ವಿಷಯ ನಾವು ಎತ್ತದಿರುವುದು. ಡಿಸ್ಕನ್ನು ಎರಡೂ ಕಡೆಯವರ ಕಣ್ಣೆದುರು ಒಡೆಯುವುದು.

ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು, ಅಕ್ಕ ಕೊಟ್ಟ ಮುದ್ದೆಯ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೋದೆ. ಭಾವ ಅದೇ ಬೆಂಚಿನ ಮೇಲೆ ಇದ್ದ. ನನ್ನ ಮುಖ ನೋಡಿ, "ಯಾವನ್ಲಾ ಹೊಡ್ದೋನು?" ಅಂತ ಎದ್ದ. ಕೂರಿಸಿದೆ. ಅವರು ಒಪ್ಪಿದ್ದನ್ನು ಹೇಳಿದೆ. ಡಿಸ್ಕು ಖಾಲಿ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅವನು ಊರಿಗೆಲ್ಲ ಹೊಗಳಿದ ಬಾಮೈದ ನಾನು, ನನ್ನ ಕೈಯಾರೆ ಅವನನ್ನು ಮುಳುಗಿಸಿದೆ ಅಂತ ಹೇಗೆ ಹೇಳಲಿ? ಜಂಬಕ್ಕೆ ಇನ್ನೊಂದು ಮಾತು ಸೇರಿಸಿದೆ.

"ನೀನು ಬೇಡ ಅಂದ್ರೆ ಒಡೆಯದೇ ಬೇಡ ಭಾವ. ಸೀದಾ ಕೋರ್ಟಿಗೇ ಕೊಡಾಣ. ನಿಂದೇನು ತಪ್ಪೈತೆ?"

ಭಾವ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವನು ನಿಲ್ಲಿಸಿದ.

"ನೀನು ನೋಡ್ದೇನ್ಲಾ ಅದುನ್ನ?"

"ನೋಡ್ದೆ."

"ಪೂರ್ತಿ?"

"ಪೂರ್ತಿ."

ಅವನು ತಲೆ ತಗ್ಗಿಸಿದ. ನನಗೊಬ್ಬನಿಗೇ ಕೇಳುವ ಹಾಗೆ, "ಅವ್ನು ಕೆಳಗೆ ಬಿದ್ಮೇಲೆ ನಾನು ಮಾಡಿದ್ದೂ ಐತಾ ಅದ್ರಲ್ಲಿ?" ಅಂದ.

ಈಗ ಹೆಗಲು ಮುಟ್ಟಿ ನೋಡಿಕೊಂಡವನು ನಮ್ಮ ಮನೆಯವನು. ಕೆಳಗಿಳಿಸಿ ಹೊಡೀಬೇಕು ಕಣ್ಲಾ ಅಂದು ನನ್ನನ್ನು ನಗಿಸಿದ್ದವನು.

"ಐತೆ" ಅಂದೆ.

"ಕೂದ್ಲು ಹಿಡ್ಕಂಡು ಕಲ್ಲಿಗೆ ಒಂದೇ ಸತಿ ಚಚ್ಚಬೇಕು ಅಂತಿದ್ದೆ ಕಣ್ಲಾ. ಕೈ ನಿಲ್ಲಲಿಲ್ಲ. ಚರಂಡಿ ತಾವು ಕ್ಯಾಮೆರಾಕ್ಕೆ ಕಾಣಾಕಿಲ್ಲ ಅಂದ್ಕಂಡಿದ್ದೆ." ಡಬ್ಬಿಯ ಮುಚ್ಚಳವನ್ನು ಮತ್ತೆ ಒತ್ತಿ ಹಾಕಿದ. "ನಿಮ್ಮಕ್ಕಂಗೆ ಹೇಳ್ಬ್ಯಾಡ. ಅದುನ್ನ ಒಡ್ದಾಕ್ಬುಡು."

ಅವನ ಕತ್ತು ಹಿಡಿದು ಬೆಂಚಿಗೆ ಬಡಿಯಬೇಕು ಅನ್ನಿಸಿತು. ಅಪ್ಪಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡೂ ಆಗಲಿಲ್ಲ. ಮುದ್ದೆ ಆರಿಹೋಗ್ತದೆ, ಉಣ್ಣು ಅಂದೆ.

ಯುವಕ ಹೇಳಿಕೆ ಕೊಟ್ಟ, ಭಾವ ಮನೆಗೆ ಬಂದ. ಎರಡು ದಿನ ಬಿಟ್ಟು ಶೆಡ್ಡಿನ ಅಂಗಳದಲ್ಲಿ ಎಲ್ಲರೂ ಸೇರಿದೆವು. ಡಿಸ್ಕನ್ನು ಚಪ್ಪಡಿ ಕಲ್ಲಿನ ಮೇಲಿಟ್ಟು ನಾನು ಸುತ್ತಿಗೆ ಎತ್ತಿದೆ. ಬೆರಳು ಮುರಿದ ಕೈಗೆ ಬಲ ಇರಲಿಲ್ಲ. ಭಾವ ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡ. ಮೊದಲ ಏಟಿಗೇ ಮುಚ್ಚಳ ಸೀಳಿತು, ಒಳಗಿನ ಹೊಳೆಯುವ ತಟ್ಟೆ ಬಾಗಿತು. ಅಷ್ಟು ಸಾಕಿತ್ತು. ಅವನು ನಿಲ್ಲಿಸಲಿಲ್ಲ. ತಗಡು ಹಾರಿ ಅವನ ಮೊಣಕಾಲು ಸೀಳಿದರೂ ನಿಲ್ಲಿಸಲಿಲ್ಲ. ಹಣೆಯ ಗಾಯ ಬಿರಿದು ಬ್ಯಾಂಡೇಜು ಕೆಂಪಾಯಿತು. ಯುವಕನ ಅಪ್ಪ ನೋಡಿ ನೋಡಿ ಮುಖ ತಿರುಗಿಸಿಕೊಂಡ. ಕೊನೆಗೆ ನಾನೇ ಹಿಂದಿನಿಂದ ತಬ್ಬಿ ಹಿಡಿದು ಸುತ್ತಿಗೆ ಬಿಡಿಸಬೇಕಾಯಿತು. ಅಲ್ಲಿ ನುಚ್ಚಾಗಿ ಬಿದ್ದಿದ್ದದ್ದು ಹೊಡೆದಾಟವಲ್ಲ, ಬರೀ ಓನರ್ ಮಗಳ ಮದುವೆ ಅಂತ ಗೊತ್ತಿದ್ದವನು ನಾನೊಬ್ಬನೇ. ಅದರ ಸೀಡಿ ಅವರ ಮನೆಯಲ್ಲಿತ್ತು, ಪುಣ್ಯ.

ಅಕ್ಕ ಒಂದೂ ಪ್ರಶ್ನೆ ಕೇಳಲಿಲ್ಲ. ಹೊಡೆದಾಟದ ದಿನ ಗಂಡ ತೊಟ್ಟಿದ್ದ ಅಂಗಿಯನ್ನು ಮಾತ್ರ ಎರಡು ಸಲ ಒಗೆದು, ಆಮೇಲೆ ಒಲೆಗೆ ಹಾಕಿದಳು. ನಾನು ನೋಡಿದೆ ಅಂತ ಅವಳಿಗೂ ಗೊತ್ತು.

ವರ್ಷ ಒಂದಾದ ಮೇಲೆ ಏನೋ ಕೆಲಸಕ್ಕೆ ಕುದೂರಿಗೆ ಹೋಗಿದ್ದವನು ಬೆಳಿಗ್ಗೆ ಭಾವನ ಬಸ್ಸಿನಲ್ಲೇ ವಾಪಸ್ಸು ಹೊರಟೆ. ಕಾಲಿಡಲು ಜಾಗ ಇರಲಿಲ್ಲ. ಕಂಡಕ್ಟರ್ ಸೀಟು ಮಾತ್ರ ಎಂದಿನಂತೆ ಖಾಲಿ. ಅದರ ಮೇಲೆ ಭಾವನ ಟವಲ್ ಇತ್ತು. ತನ್ನದೇ ಸೀಟಿಗೆ ಇವನು ಯಾಕೆ ಟವಲ್ ಹಾಕಿದ್ದಾನೆ ಅಂತ ನನಗೆ ಅರ್ಥವಾಗಲಿಲ್ಲ. ಎರಡನೇ ಸ್ಟಾಪಿನಲ್ಲಿ ಬಸ್ಸು ನಿಂತಿತು. ಭಾವ ಬಾಗಿಲ ಬಳಿಯ ಜನರನ್ನು ಸರಿಸಿ ದಾರಿ ಮಾಡಿದ. ಆ ಯುವಕ ಹತ್ತಿದ. ಎಡಗಣ್ಣಿನ ಗುಳಿ ಮುಚ್ಚಿ ಹೊಲಿದ ಹಾಗಿತ್ತು. ಭಾವ ಟವಲ್ ಎತ್ತಿ ಹೆಗಲಿಗೆ ಹಾಕಿಕೊಂಡ. ಅವನು ಕೂತ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ದಿನಾ ಹಿಂಗೇನಾ?" ಅಂತ ಪಕ್ಕದವನನ್ನು ಕೇಳಿದೆ.

"ದಿನಾ. ಯಾಕೋ ಗೊತ್ತಿಲ್ಲ ಕಣಪ್ಪ" ಅಂದ.

ಭಾವ ಕಂಬಿ ಹಿಡಿದು ಮಾಗಡಿಯವರೆಗೂ ನಿಂತೇ ಬಂದ.